ಬೋರಿಗೆ ಬಂದ ಎಂಜಿನ್, ಪಾಲಿಗೆ ಬಂದ ಕಾರು

2024ರ ಬಕ್ರೀದ್ ಮುಗಿದ ಮರುದಿನ ಬೆಳಿಗ್ಗೆ ನಾವು ಶೆಡ್ಡಿನ ಟಾರ್ಪಾಲು ಎಳೆದೆವು. ಒಳಗೆ ಉಪ್ಪನ 1974ರ ಅಂಬಾಸಿಡರ್ ಮಾರ್ಕ್ 2. ಹನ್ನೊಂದು ವರ್ಷ ಅಲುಗಾಡದೆ ನಿಂತಿತ್ತು. ಸ್ಪ್ಯಾನರ್ ಕೈಗೆತ್ತಿಕೊಂಡು ಬಾನೆಟ್ ತೆರೆಯುವಷ್ಟರಲ್ಲಿ ಉಮ್ಮ ಬಾಗಿಲಲ್ಲಿ ನಿಂತು, “ನಿಲ್ಲು ಮೋನೆ. ಆ ಗಾಡಿ ಯಾರದ್ದು?” ಅಂತ ಕೇಳಿದರು.

ನಮಗೆ ನಗು ಬಂತು. ಯಾರದ್ದು ಅಂದರೆ? ಉಪ್ಪನದ್ದು.

“ಉಪ್ಪ ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಈಗ ಯಾರದ್ದು?”

ಹಳೇ ಕಾರಿನ ಎಂಜಿನ್ ಮನೆಯಲ್ಲೇ ಬಿಚ್ಚಿ ಜೋಡಿಸಿದ ಕತೆ ಹೇಳಿ ಅಂತ ಕೇಳುವವರಿಗೆ ನಾವು ಮೊದಲು ಹೇಳುವುದು ಈ ಪ್ರಶ್ನೆಯನ್ನೇ. ನಮ್ಮ ಕೆಲಸ ಶುರುವಾದದ್ದು ಎಂಜಿನ್ನಿಂದಲ್ಲ, ಅಲ್ಲಿಂದ.

ಘಟ್ಟ ಹತ್ತಿದ ಕುಟುಂಬ

ನಮ್ಮದು ಕೊರಟಗೆರೆ ತಾಲ್ಲೂಕಿನ ಕೊಳಾಲ. ಉಪ್ಪ ಬಂಟ್ವಾಳದ ಕಡೆಯಿಂದ ಘಟ್ಟ ಹತ್ತಿ ಇಲ್ಲಿಗೆ ಬಂದದ್ದು ಹುಣಸೆಹಣ್ಣಿನ ವ್ಯಾಪಾರಕ್ಕೆ. ತುಮಕೂರು ಸೀಮೆಯ ಹುಣಸೆ ಮಂಗಳೂರಿನ ಬಂದರಿಗೆ ಕಳಿಸುತ್ತಿದ್ದರು. ಮನೆಯೊಳಗೆ ಬ್ಯಾರಿ ಮಾತು, ಹೊರಗೆ ಕನ್ನಡ. ಇಲ್ಲಿನ ಮುಸ್ಲಿಮರ ಮನೆಮಾತು ಹೆಚ್ಚಾಗಿ ಉರ್ದು ಆದ್ದರಿಂದ, “ಸಾಬ್ರೇ, ನಿಮ್ದು ಯಾವ ಭಾಷೆ?” ಅಂತ ಊರವರು ಇವತ್ತಿಗೂ ಕೇಳುತ್ತಾರೆ.

ಆ ಕಾಲಕ್ಕೆ ಕಾರಿದ್ದ ಮನೆಗಳು ಬೆರಳೆಣಿಕೆ. ಹಾಗಾಗಿ ಅಂಬಾಸಿಡರ್ ಬರೀ ಉಪ್ಪನದ್ದಾಗಿ ಉಳಿಯಲಿಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದವರು, ಹಾವು ಕಡಿದವರು, ಎಲ್ಲರೂ ಅದರಲ್ಲೇ ಕೊರಟಗೆರೆಗೋ ತುಮಕೂರಿಗೋ ಹೋದವರು. ಆದರೆ ಊರಿನ ಪ್ರೀತಿ ಬೇರೆ, ಹಕ್ಕು ಬೇರೆ. ಉಮ್ಮ ಕೇಳಿದ್ದು ಹಕ್ಕಿನ ಮಾತು.

ಉಪ್ಪ ತೀರಿಕೊಂಡಾಗ ಸಾಲ ತೀರಿಸಿದೆವು, ಮನೆ-ಜಾಗದ ಪಾಲು ಮಾಡಿದೆವು. ಕಾರು ಮಾತ್ರ ಲೆಕ್ಕಕ್ಕೆ ಬರಲಿಲ್ಲ. ‘ಹಳೇ ಗಾಡಿ, ಇರಲಿ ಬಿಡಿ’ ಅಂದುಬಿಟ್ಟೆವು. ತಮ್ಮ ಸೌದಿಯ ದಮಾಮಿನಲ್ಲಿ, ಒಬ್ಬ ತಂಗಿ ಫರಂಗಿಪೇಟೆಯಲ್ಲಿ, ಇನ್ನೊಬ್ಬಳು ಉಪ್ಪಿನಂಗಡಿಯಲ್ಲಿ. ಕಾರು ನಮ್ಮ ಶೆಡ್ಡಿನಲ್ಲಿ ಇದ್ದದ್ದಕ್ಕೆ ನಮ್ಮದೇ ಅಂತ ನಾವು ಅಂದುಕೊಂಡಿದ್ದೆವು. ತಪ್ಪು ನಮ್ಮದೇ.

ಗುಜರಿಯವರನ್ನು ಕರೆಸಿ ಬೆಲೆ ಕೇಳಿದೆವು. ಒಬ್ಬರು 40,000 ಅಂದರು, ಇನ್ನೊಬ್ಬರು 48,000. ಹೆಚ್ಚಿನದ್ದನ್ನೇ ಹಿಡಿದೆವು. ಉಪ್ಪನ ತಂದೆ-ತಾಯಿ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಮಕ್ಕಳಿರುವ ಹೆಂಡತಿಗೆ ಎಂಟರಲ್ಲಿ ಒಂದು ಪಾಲು, ಅಂದರೆ ಉಮ್ಮನಿಗೆ 6,000. ಉಳಿದ 42,000ದಲ್ಲಿ ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು ಪಾಲು. ನಮಗೂ ತಮ್ಮನಿಗೂ 14,000, ತಂಗಿಯರಿಗೆ 7,000 ಪ್ರತಿಯೊಬ್ಬರಿಗೂ.

ಫೋನು ಮಾಡಿದಾಗ ತಂಗಿಯರಿಬ್ಬರೂ, “ಅಯ್ಯೋ, ನಮಗೆ ಬೇಡ, ನೀವೇ ಇಟ್ಟುಕೊಳ್ಳಿ” ಅಂದರು. ಉಮ್ಮ ಒಪ್ಪಲಿಲ್ಲ. “ಹೆಣ್ಣುಮಕ್ಕಳು ಬೇಡ ಅನ್ನೋದು ನಾಚಿಕೆಗೆ. ತವರಿನ ಬಾಗಿಲು ಮುಚ್ಚಿಹೋದೀತು ಅನ್ನೋ ಹೆದರಿಕೆಗೆ. ಮೊದಲು ದುಡ್ಡು ಅವರ ಕೈಗೆ ಕೊಡು. ಆಮೇಲೆ ಅವರು ಏನು ಬೇಕಾದರೂ ಮಾಡಲಿ.” ನಾವೇ ಹೋಗಿ ಕೊಟ್ಟು ಬಂದೆವು. ದೊಡ್ಡ ತಂಗಿ ಇಟ್ಟುಕೊಂಡಳು. ಸಣ್ಣವಳು ಒಂದು ದಿನ ಇಟ್ಟುಕೊಂಡು, “ಇದು ಕಾರ್ಬ್ಯುರೇಟರಿಗೆ, ನನ್ನ ಕಡೆಯಿಂದ” ಅಂತ ವಾಪಸ್ ಕೊಟ್ಟಳು. ತಮ್ಮ ತನ್ನ ಪಾಲನ್ನು ರಿಪೇರಿಗೇ ಬಿಟ್ಟ. ಉಮ್ಮ ತಮ್ಮ 6,000ವನ್ನು ಎಣಿಸಿ, ತಲೆದಿಂಬಿನ ಕೆಳಗೆ ಇಟ್ಟುಕೊಂಡರು.

ಇದರ ಜತೆಗೇ ಕಾಗದದ ಕೆಲಸವೂ ಇದೆ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗಾಡಿ ಇಟ್ಟುಕೊಳ್ಳುವ ವಾರಸುದಾರರು 3 ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ನಾವು ಹನ್ನೊಂದು ವರ್ಷ ತಡ. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೈಯಲ್ಲಿದ್ದದ್ದರಿಂದ ಅಲೆದಾಟ ಸ್ವಲ್ಪ ಕಡಿಮೆಯಾಯ್ತು. ಪಾಲು ಕೊಡದೇ ಇದ್ದಿದ್ದರೆ ಆ ಸಹಿ ಯಾವ ಮುಖದಲ್ಲಿ ಕೇಳುತ್ತಿದ್ದೆವೋ!

ಜಾಮ್ ಆದ ಎಂಜಿನ್

ಅಂಬಾಸಿಡರ್ ಅಂದರೆ ನಮ್ಮವರಿಗೆ ಪರಿಚಯ ಬೇಡ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾರಾದಲ್ಲಿ ಮಾಡಿದ ಕಾರು. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತಿತು, ಉಪ್ಪ ತೀರಿಕೊಂಡ ಮರುವರ್ಷ. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪೆನಿ 80 ಕೋಟಿ ರೂಪಾಯಿಗೆ ಕೊಂಡಿತು. ನಮ್ಮ ಗಾಡಿಯದ್ದು 1489 ಸಿಸಿಯ ಪೆಟ್ರೋಲ್ ಎಂಜಿನ್. ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಬ್ಲಾಕೂ ಬೀಡು, ಹೆಡ್ಡೂ ಬೀಡು. ಇದೇ ವಂಶದ ಎಂಜಿನ್ ಇಂಗ್ಲೆಂಡಿನ ಎಂಜಿ ಸ್ಪೋರ್ಟ್ಸ್ ಕಾರುಗಳಲ್ಲೂ ಓಡಿದೆ.

ಊರಿನ ಟ್ರ್ಯಾಕ್ಟರ್ ಮೇಸ್ತ್ರಿಯೊಬ್ಬರನ್ನು ಕರೆದೆವು. ಉಪ್ಪನ ಕಾಲದವರು, ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಹ್ಯಾಂಡಲ್ ಹಾಕಿ ತಿರುಗಿಸಿದರೆ ಎಂಜಿನ್ ಕಲ್ಲಾಗಿತ್ತು. ನಾವು ಬಲ ಹಾಕಲು ಹೋದರೆ, “ಬ್ಯಾಡಿ ಸಾಬ್ರೇ, ರಿಂಗು ಮುರಿತದೆ” ಅಂತ ಕೈ ಹಿಡಿದರು. ನಾಲ್ಕೂ ಪ್ಲಗ್ ಬಿಚ್ಚಿಸಿ, ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಸಿಲಿಂಡರುಗಳಿಗೆ ಹಾಕಿಸಿದರು. ದಿನಾ ಅಸರ್ ನಮಾಜ್ ಮುಗಿಸಿ ಬಂದು ಮತ್ತಷ್ಟು ಹಾಕುವುದು. ಒಂಬತ್ತನೆಯ ದಿನ ನಾಲ್ಕನೇ ಗೇರಿಗೆ ಹಾಕಿ, ಮಕ್ಕಳೆಲ್ಲ ಸೇರಿ ಕಾರನ್ನು ಹಿಂದಕ್ಕೆ ಮುಂದಕ್ಕೆ ತೂಗಿದಾಗ, ಟಕ್ ಅಂತ ಬಿಟ್ಟುಕೊಂಡಿತು.

ಅಷ್ಟಕ್ಕೇ ಕುಣಿದಾಡಬೇಡಿ ಅಂದರು ಮೇಸ್ತ್ರಿ. ಎಂಜಿನ್ ಬೋರಿಗೆ ಬಂದಿರಲೂಬಹುದು, ಬಿಚ್ಚಿ ನೋಡಬೇಕು. ಕೆಲವರು ಬೇರೆ ಸಲಹೆ ಕೊಟ್ಟರು: ಇದನ್ನು ಎಸೆದು ಯಾವುದಾದರೂ ಡೀಸೆಲ್ ಎಂಜಿನ್ ಕೂರಿಸಿ. ಒಂದು ಕಾಲದಲ್ಲಿ ಅಂಬಾಸಿಡರಿಗೆ ಮೆಟಡೋರ್ ಡೀಸೆಲ್ ಎಂಜಿನ್ ಹಾಕಿಸುವುದು ಎಲ್ಲ ಕಡೆ ಇತ್ತು. ಖರ್ಚು ಕಡಿಮೆ, ಮೈಲೇಜ್ ಜಾಸ್ತಿ. ಆದರೆ ಎಂಜಿನ್ ನಂಬರು ಆರ್‌ಸಿಯಲ್ಲಿ ಇರುತ್ತದೆ. ಬದಲಾಯಿಸಿದರೆ ಮತ್ತೊಂದು ಸುತ್ತು ಪರವಾನಗಿ. ಅದಕ್ಕಿಂತ ಹೆಚ್ಚಾಗಿ, ಪಾಲು ಕೊಟ್ಟು ಉಳಿಸಿಕೊಂಡದ್ದು ಉಪ್ಪನ ಗಾಡಿಯನ್ನು. ಅದರ ಎದೆಯನ್ನೇ ಕಿತ್ತು ಗುಜರಿಗೆ ಹಾಕುವುದಾದರೆ ಇಷ್ಟೆಲ್ಲ ಯಾಕೆ?

ಅಂಗಳದಲ್ಲಿ ಗ್ಯಾರೇಜು

ಎಂಜಿನ್ ಎತ್ತುವುದು ಹೇಗೆ? ಹುಣಸೆಮರದ ಕೊಂಬೆಗೆ ಚೈನ್ ಕಟ್ಟಿ ಎತ್ತೋಣ ಅಂದರು ಕೆಲವರು. ಕೊಂಬೆ ಮುರಿದು ಕೆಳಗಿದ್ದವರ ಮೇಲೆ ಬಿದ್ದರೆ? ನಮ್ಮ ಸೀಮೆಯಲ್ಲಿ ಬೋರ್‌ವೆಲ್ ಇಲ್ಲದ ತೋಟವಿಲ್ಲ. ಬೋರಿನ ಮೋಟಾರ್ ಎತ್ತುವವರ ಮೂರು ಕಾಲಿನ ಟ್ರೈಪಾಡು, ಚೈನ್ ಪುಲ್ಲಿ ಒಂದು ದಿನಕ್ಕೆ ಬಾಡಿಗೆಗೆ ತಂದೆವು. ಎಂಜಿನ್ ಮೇಲೆದ್ದ ಮೇಲೆ ಅದರ ಕೆಳಗೆ ಯಾರೂ ಕೈ ಇಡಬಾರದು ಅನ್ನುವುದೊಂದೇ ಕಟ್ಟಪ್ಪಣೆ.

ಮನೆಯಲ್ಲಿ ಎಂಜಿನ್ ಕೆಲಸ ಅಂದರೆ ಮನೆಯವರೆಲ್ಲರ ಜೀವನಕ್ಕೆ ಅಡ್ಡ ಬರುವ ಕೆಲಸ. ಮನೆಯಾಕೆ ಹಾಕಿದ ನಿಯಮಗಳು ಇವು: ಅಡುಗೆಮನೆಯ ಪಾತ್ರೆಗೆ ಗ್ರೀಸು ತಾಗಬಾರದು. ಪೆಟ್ರೋಲಿನಲ್ಲಿ ಪಾರ್ಟ್ಸ್ ತೊಳೆಯುವಂತಿಲ್ಲ, ಡೀಸೆಲ್ಲಿನಲ್ಲೇ ತೊಳೆಯಬೇಕು, ಅದೂ ಒಲೆಯಿಂದ ದೂರ ಅಂಗಳದಲ್ಲಿ. ಪಕ್ಕದಲ್ಲಿ ಮರಳಿನ ಬಕೆಟ್ ಇರಬೇಕು. ಬ್ಯಾಟರಿ ವೈರ್ ಬಿಚ್ಚಿರಬೇಕು. ಬಾಂಗ್ ಆದ ಕೂಡಲೇ ಸುತ್ತಿಗೆ ಕೆಳಗಿಡಬೇಕು. ಹಳೇ ಆಯಿಲ್ ಮಣ್ಣಿಗೆ ಚೆಲ್ಲಬಾರದು, ಅದು ಇಂಗಿದರೆ ನಾವು ಕುಡಿಯುವ ನೀರಿಗೇ ಸೇರುತ್ತದೆ. ಹೆಡ್ ಗ್ಯಾಸ್ಕೆಟ್ ಬಗ್ಗೆ ಎಚ್ಚರಿಸಿದ್ದು ಮೇಸ್ತ್ರಿ: ಆ ಕಾಲದ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರುತ್ತದೆ, ಒಣಗಿದ್ದನ್ನು ಕೆರೆದರೆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆದೆವು, ಮಕ್ಕಳನ್ನು ಒಳಗೆ ಕಳಿಸಿ.

ಮಕ್ಕಳಿಗೆ ಅವರದ್ದೇ ಕೆಲಸ. ಎಂಟು ಪುಶ್ ರಾಡುಗಳನ್ನು ಯಾವುದು ಎಲ್ಲಿತ್ತೋ ಅಲ್ಲಿಗೇ ವಾಪಸ್ ಹಾಕಬೇಕು, ಅದಲು ಬದಲಾಗಬಾರದು. ರಮಝಾನಿನ ಖರ್ಜೂರದ ಖಾಲಿ ರಟ್ಟಿನ ಪೆಟ್ಟಿಗೆಗೆ ಎಂಟು ತೂತು ಮಾಡಿ, ನಂಬರ್ ಬರೆದು, ಮಗ ಒಂದೊಂದನ್ನೇ ಚುಚ್ಚಿಟ್ಟ. ಖರ್ಚಿನ ಪುಸ್ತಕ ಮಗಳ ಕೈಯಲ್ಲಿ. ಒಂದು ಬೋಲ್ಟ್ ತಂದರೂ ಬರೆಯುತ್ತಿದ್ದಳು.

ಬಿಚ್ಚಿದಾಗ ಕಂಡದ್ದು ಎರಡು ಸಂಗತಿ. ಕರಾವಳಿಯಲ್ಲಿ ಉಪ್ಪುಗಾಳಿಗೆ ಹಳೇ ಕಾರುಗಳ ತಗಡು ತಿಂದುಹೋಗುತ್ತದೆ. ನಮ್ಮದು ಒಣ ಸೀಮೆ, ಬಾಡಿ ಗಟ್ಟಿಯಾಗಿತ್ತು. ಆದರೆ ಇಲ್ಲಿನ ಬೋರ್ ನೀರು ಗಡುಸು. ವರ್ಷಗಟ್ಟಲೆ ಅದನ್ನೇ ರೇಡಿಯೇಟರಿಗೆ ಹಾಕಿದ್ದರಿಂದ ಬ್ಲಾಕಿನೊಳಗೆ ನೀರು ಓಡುವ ದಾರಿಯಲ್ಲಿ ಬಿಳೀ ಗಾರೆ ಕಟ್ಟಿತ್ತು. ಬಿಸಿನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ ಹಾಕಿ, ಬಿಟ್ಟು, ತೊಳೆದು, ಮತ್ತೆ ಹಾಕಿ, ಮೂರು ದಿನ. ರೇಡಿಯೇಟರಿನ ಹಿತ್ತಾಳೆ ತೊಟ್ಟಿಯನ್ನು ಉಮ್ಮ ತಾವೇ ಕೇಳಿ ತಗೊಂಡು, ಹಂಡೆ ಬೆಳಗುವ ಹಾಗೆ ಹುಣಸೆಹುಳಿ ಹಚ್ಚಿ ಬೆಳಗಿದರು. ಈಗ ಅದಕ್ಕೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಬಿಟ್ಟು ಬೇರೇನೂ ಹಾಕುವುದಿಲ್ಲ. ಬೋರ್ ನೀರಿನ ಊರುಗಳವರು ಹೊಸ ಗಾಡಿಗೂ ಇದನ್ನು ನೆನಪಿಟ್ಟರೆ ಒಳ್ಳೆಯದು.

ಉಪ್ಪನ ನೋಟ್‌ಬುಕ್

ಮನೆಯಲ್ಲಿ ಮಾಡಬಹುದಾದ್ದು ಬಿಚ್ಚುವುದು, ತೊಳೆಯುವುದು, ಜೋಡಿಸುವುದು. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ವಾಲ್ವ್ ಸೀಟ್ ಕೆಲಸ ಲೇತಿನವರದ್ದು. ಬ್ಲಾಕನ್ನು ಗೂಡ್ಸ್ ಆಟೊದಲ್ಲಿ ಹಾಕಿ ತುಮಕೂರಿಗೆ ಒಯ್ಯುವ ಹಿಂದಿನ ರಾತ್ರಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಉಪ್ಪನ ನೋಟ್‌ಬುಕ್ ಸಿಕ್ಕಿತು. ಇಲಿ ಅರ್ಧ ತಿಂದಿತ್ತು. ಆಯಿಲ್ ಬದಲಾಯಿಸಿದ ದಿನ, ಕಿಲೋಮೀಟರು, ಪ್ಲಗ್ ಬದಲು. ನಡುವೆ ಒಂದು ಸಾಲು: ‘ಎರಡನೇ ಬೋರು, 40 ಥೌ.’

ಥೌ ಅಂದರೆ ಅಂಗುಲದ ಸಾವಿರದ ಒಂದು ಭಾಗ. ಸಿಲಿಂಡರನ್ನು ಎರಡು ಸಲ ಕೊರೆದು ಸುಮಾರು ಒಂದು ಮಿಲಿಮೀಟರಿನಷ್ಟು ಅಗಲ ಮಾಡಲಾಗಿತ್ತು ಅಂತ ಅರ್ಥ. ಅಳೆದು ನೋಡಿದ ಲೇತಿನವರು, ಇನ್ನೂ ಕೊರೆದರೆ ಗೋಡೆ ತೆಳ್ಳಗಾಗುತ್ತದೆ, ಸ್ಲೀವ್ ಹಾಕಿಸಿ, ಹಳೇ ಸ್ಟ್ಯಾಂಡರ್ಡ್ ಅಳತೆಗೇ ಬರುತ್ತದೆ ಅಂದರು. ಸ್ಲೀವ್ ಅಂದರೆ ಸಿಲಿಂಡರಿನೊಳಗೆ ಕೂರಿಸುವ ಹೊಸ ಕೊಳವೆ. ಕೆಲಸ ಗಟ್ಟಿ, ಖರ್ಚು ಜಾಸ್ತಿ.

ಅಲ್ಲೇ ವಾಲ್ವ್ ಸೀಟಿನ ಮಾತೂ ಬಂತು. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಅದು ವಾಲ್ವ್ ಮತ್ತು ಸೀಟಿನ ನಡುವೆ ಮೆತ್ತೆಯ ಹಾಗೆ ಕೆಲಸ ಮಾಡುತ್ತಿತ್ತು. ಆರೋಗ್ಯಕ್ಕೆ ಹಾನಿ ಅಂತ 2000ದ ಫೆಬ್ರವರಿಯಿಂದ ದೇಶವಿಡೀ ಸೀಸರಹಿತ ಪೆಟ್ರೋಲ್ ಬಂತು. ಒಳ್ಳೆಯದೇ ಆಯ್ತು. ಆದರೆ ಹಳೇ ಬೀಡಿನ ಹೆಡ್ಡುಗಳಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟ್ ಬೇಗ ಸವೆಯುತ್ತದೆ. ಗಟ್ಟಿ ಉಕ್ಕಿನ ಸೀಟ್ ಹಾಕಿಸಿದೆವು. ಪಿಸ್ಟನ್, ರಿಂಗು, ಬೇರಿಂಗಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಎರಡು ಸಲ ಹೋಗಿಬಂದೆವು.

ಜನವರಿ ಹೊತ್ತಿಗೆ ಕೆಳಭಾಗ ಜೋಡಣೆ ಮುಗಿಯಿತು. ಆಮೇಲೆ ಹುಣಸೆ ಸೀಸನ್, ಮಾರ್ಚ್ ತಿಂಗಳಿಡೀ ರಮಝಾನ್, ಮಗಳ ಎಸ್ಸೆಸ್ಸೆಲ್ಸಿ. ಎಂಜಿನ್ನನ್ನು ಆಯಿಲ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿ ಮೂಲೆಗಿಟ್ಟೆವು. ಮೇ ತಿಂಗಳಲ್ಲಿ ಮತ್ತೆ ಕೈ ಹಾಕುವ ಹೊತ್ತಿಗೆ ಜಗಳ ಬಂತು. ಮಗಳ ಪಿಯುಸಿ ಫೀಸು 45,000 ಕಟ್ಟಬೇಕು. ಹೆಡ್ ಕೆಲಸದ ಬಾಕಿ, ಕಾರ್ಬ್ಯುರೇಟರು, ಹೊಸ ಪೆಟ್ರೋಲ್ ಪಂಪಿಗೂ ದುಡ್ಡು ಬೇಕು. ‘ಎರಡು ವಾರ ತಡೆದು ಕಟ್ಟಿದರಾಗದಾ’ ಅಂತ ನಾವು ಬಾಯಿಬಿಟ್ಟೆವು. ಮನೆಯಾಕೆ ಪತ್ತಿರ್ ತಟ್ಟುತ್ತಿದ್ದವಳು ತಲೆ ಎತ್ತದೇ ಹೇಳಿದಳು: “ಎಂಜಿನ್ ಹನ್ನೊಂದು ವರ್ಷ ಕಾದಿದೆ, ಇನ್ನೂ ಕಾಯುತ್ತೆ. ಅಡ್ಮಿಷನ್ ಕಾಯಲ್ಲ. ತಂಗಿಯರ ಪಾಲು ಕೊಡಿಸಿದ ಮನೆಯಿದು, ಮಗಳ ಪಾಲು ತಡೆಯೋದಾ?”

ಮರುದಿನ ಫೀಸು ಕಟ್ಟಿದೆವು. ಕಾರು ಮತ್ತೆ ಎರಡು ತಿಂಗಳು ನಿಂತಿತು. ಈಗ ಯೋಚಿಸಿದರೆ, ಹಳೇ ಗಾಡಿಯ ಹುಚ್ಚು ಹಿಡಿದವರು ಸೋಲುವುದು ಎಂಜಿನ್ನಿನ ಕೈಯಲ್ಲಲ್ಲ, ಇಂಥ ಜಾಗದಲ್ಲಿ. ಮನೆಯ ಒಂದು ಹಕ್ಕನ್ನು ‘ಸ್ವಲ್ಪ ದಿನ’ ಅಂತ ಸರಿಸಿದರೆ, ಆ ಗಾಡಿಯನ್ನು ಕಂಡರೆ ಮನೆಯವರಿಗೆ ಆಗುವುದಿಲ್ಲ.

ಒಂದು, ಮೂರು, ನಾಲ್ಕು, ಎರಡು

ಟ್ಯಾಪೆಟ್ ಹೊಂದಿಸುವ ಲೆಕ್ಕ ಆರನೇ ಕ್ಲಾಸಿನ ಮಗನಿಗೆ ಬಹಳ ಇಷ್ಟವಾಯ್ತು. ಎಂಟು ವಾಲ್ವ್. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದರ ಗ್ಯಾಪ್ ನೋಡಬೇಕು, ಆರನೆಯದು ತೆರೆದಾಗ ಮೂರನೆಯದು. ಕೂಡಿಸಿದರೆ ಯಾವಾಗಲೂ ಒಂಬತ್ತು. ಅವನು ಸಂಖ್ಯೆ ಕೂಗುವುದು, ನಾವು ಫೀಲರ್ ಗೇಜ್ ತೂರಿಸುವುದು. ಹೆಡ್ ನಟ್ಟುಗಳನ್ನು ನಡುವಿನಿಂದ ಹೊರಗೆ, ಒಂದೇ ಸಲಕ್ಕೆ ಬಿಗಿಯದೆ ಹಂತ ಹಂತವಾಗಿ, ಟಾರ್ಕ್ ರೆಂಚಿನಲ್ಲಿ. ಪ್ಲಗ್ ಹಾಕದೇ ಎಂಜಿನ್ ತಿರುಗಿಸಿ, ಆಯಿಲ್ ಪ್ರೆಶರ್ ಬಂದದ್ದು ಖಾತ್ರಿ ಮಾಡಿಕೊಂಡ ಮೇಲೇ ಪ್ಲಗ್.

ಜುಲೈ ತಿಂಗಳ ಒಂದು ಭಾನುವಾರ, ಆಷಾಢದ ಗಾಳಿ ಬೀಸುತ್ತಿದ್ದಾಗ, ಸ್ಟಾರ್ಟರ್ ಒತ್ತಿದೆವು. ಡಂ ಅಂತ ಕಾರ್ಬ್ಯುರೇಟರಿನಿಂದ ಬೆಂಕಿ ಕಕ್ಕಿತು. ಒದ್ದೆ ಗೋಣಿಚೀಲ ಕೈಯಲ್ಲೇ ಇತ್ತು, ಮುಚ್ಚಿದೆವು. ಯಾರಿಗೂ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಮತ್ತೆ ಹೊಡೆದರೆ ಎರಡೇ ಸಿಲಿಂಡರಿನಲ್ಲಿ ಕುಂಟುತ್ತಾ ನಡುಗಿ ನಿಂತಿತು. ಟೈಮಿಂಗ್ ನೋಡಿದೆವು, ಪಾಯಿಂಟ್ ನೋಡಿದೆವು. ಮೇಸ್ತ್ರಿಯೂ ತಲೆ ಕೆರೆದುಕೊಂಡರು.

ಮಗಳು ಒಳಗಿಂದ ಉಪ್ಪನ ನೋಟ್‌ಬುಕ್ ತಂದಳು. ಹಿಂದಿನ ರಟ್ಟಿನ ಮೇಲೆ ಒಂದು ವೃತ್ತ, ಅದರ ಸುತ್ತ 1-3-4-2, ಪಕ್ಕದಲ್ಲಿ ಒಂದು ಬಾಣ. “ಬಾಣ ಗಡಿಯಾರದ ಉಲ್ಟಾ ಇದೆಯಲ್ಲಾ, ನೀವು ಹೇಗೆ ಹಾಕಿದ್ದೀರಿ?”

ನಾವು ಪ್ಲಗ್ ವೈರುಗಳನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಜೋಡಿಸಿದ್ದೆವು. ಈ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಉಲ್ಟಾ ತಿರುಗುತ್ತದೆ. ಹಾಗಾಗಿ ಒಂದು ಮತ್ತು ನಾಲ್ಕು ಸರಿಯಾಗಿ, ಎರಡು ಮತ್ತು ಮೂರು ಅದಲು ಬದಲಾಗಿದ್ದವು. ಎರಡು ವೈರ್ ಬದಲಾಯಿಸಿದೆವು. ಈ ಸಲ ಒಂದೇ ಏಟಿಗೆ ಹಿಡಿದುಕೊಂಡಿತು. ಮೊದಲು ಹೊಗೆ, ಆಮೇಲೆ ಸದ್ದು ತಗ್ಗಿ, ಉಪ್ಪ ಸಂತೆಗೆ ಹೊರಡುವಾಗ ಕೇಳುತ್ತಿದ್ದ ಅದೇ ಗುಡುಗುಡು. ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ, ಹಿಡಿ ಕಿವಿಗೆ ಇಟ್ಟು ಕೇಳಿ, “ಸರಿ ಐತೆ” ಅಂದರು. ಉಮ್ಮ ಏನೂ ಹೇಳಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಚಾಯ ಮಾಡಿ ತಂದರು.

ಖರ್ಚು ಎಷ್ಟು, ಮುಂದೇನು

ಮಗಳ ಪುಸ್ತಕದ ಪ್ರಕಾರ ಎಂಜಿನ್ನಿಗೆ ಮಾತ್ರ 74,300 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಲೇತಿನದ್ದು. ವ್ಯಾಪಾರದ ಲೆಕ್ಕದಲ್ಲಿ ಇದು ನಷ್ಟವೇ. ದುಡ್ಡು ಮಾಡಲು ಈ ಕೆಲಸಕ್ಕೆ ಕೈ ಹಾಕುವವರು ಹಾಕದಿರುವುದೇ ಲೇಸು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಅದು ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಎಥನಾಲ್ ತಡೆಯುವ ಪೈಪುಗಳನ್ನೇ ಹಾಕಿ, ತಿಂಗಳುಗಟ್ಟಲೆ ಟ್ಯಾಂಕ್ ತುಂಬಿಸಿ ನಿಲ್ಲಿಸಬೇಡಿ.

50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಗಾಡಿಗಳಿಗೆ 2021ರಿಂದ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಇದೆ, ಹೊಸದಾಗಿ ಮಾಡಿಸಲು ಶುಲ್ಕ 20,000. ಆದರೆ ಹಾಗೆ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ರ‍್ಯಾಲಿಯಂಥದ್ದಕ್ಕೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ಅಂಥ ಕಾರುಗಳನ್ನು ನೋಡುವ ಆಸೆಯಿದ್ದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ಇದೆ, ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಇದೆ. ನಮಗೆ ಬೇಕಾದದ್ದು ಓಡುವ ಗಾಡಿ. ಹಾಗಾಗಿ ಫಾರಂ 25ರಲ್ಲಿ ಮಾಮೂಲಿ ನವೀಕರಣಕ್ಕೇ ಅರ್ಜಿ. ಹಳೇ ಗಾಡಿಗಳ ಶುಲ್ಕ ಈಚೆಗೆ ಏರಿದೆ, ಅರ್ಜಿ ಹಾಕುವ ದಿನದ ದರ ವಿಚಾರಿಸಿಕೊಳ್ಳಿ.

ನಿಮ್ಮ ಮನೆಯ ಶೆಡ್ಡಿನಲ್ಲೂ ತೀರಿಕೊಂಡವರ ಗಾಡಿಯೋ, ಹೊಲಿಗೆ ಯಂತ್ರವೋ, ತಕ್ಕಡಿಯೋ ಟಾರ್ಪಾಲಿನ ಕೆಳಗೆ ಇರಬಹುದು. ಅದನ್ನು ಮುಟ್ಟುವ ಮೊದಲು ಯಾರ ಪಾಲು ಎಷ್ಟು ಅಂತ ನಿಮ್ಮ ಊರಿನ ಉಸ್ತಾದರನ್ನು ಕೇಳಿ, ಕೊಟ್ಟು ಮುಗಿಸಿ. ಉಮ್ಮನ 6,000 ಏನಾಯ್ತು ಅಂತ ಸಣ್ಣ ತಂಗಿ ಮೊನ್ನೆ ಫೋನಿನಲ್ಲಿ ಕೇಳಿದಳು. ಇನ್ನೂ ದಿಂಬಿನ ಕೆಳಗೇ ಇದೆ. ಕಾಗದ ಕೈಗೆ ಬಂದ ದಿನ ಆ ದುಡ್ಡಿಗೆ ಪೆಟ್ರೋಲ್ ಹಾಕಿಸಿ, ಇದೇ ಕಾರಿನಲ್ಲಿ ಫರಂಗಿಪೇಟೆಗೆ, ಉಪ್ಪಿನಂಗಡಿಗೆ ಹೆಣ್ಣುಮಕ್ಕಳ ಮನೆಗೆ ಹೋಗಬೇಕಂತೆ. “ಮುಂದಿನ ಸೀಟು ನನಗೆ” ಅಂತ ಈಗಲೇ ಹೇಳಿಟ್ಟಿದ್ದಾರೆ.